ಸಿಡಿಲು ಕಂಡ ಸಾಕ್ಷಿಗಳು

ಕಚೇರಿಯಲ್ಲಿದ್ದ ಒಂದೇ ಒಂದು ಕಂಪ್ಯೂಟರು ಸತ್ತದ್ದು ಅರ್ಧ ಲೀಟರು ಹಾಲಿನಿಂದ. ಶಹಾಪುರದ ಆ ಕಚೇರಿಯ ಗುಮಾಸ್ತರು ಕೆಲಸಕ್ಕೆ ಒಟ್ಟಾದದ್ದನ್ನು ಕಂಡವರಿಲ್ಲ; ಚಹಾಕ್ಕೆ ಮಾತ್ರ ಒಂದೇ ತಾಯಿಯ ಮಕ್ಕಳು. ಅಂದು ಗುಮಾಸ್ತೆ ಲಾಲಮ್ಮ ಹಾಲು ತಂದಳು, ಹೆಡ್ ಕ್ಲಾರ್ಕ್ ಜಗದೇವಪ್ಪ ನೀರು ಕಾಯಿಸುವ ಕಾಯಿಲ್ ತಂದ, ಚಂದ್ರಾಮಪ್ಪ ತನ್ನ ಕಂಪ್ಯೂಟರಿನ ಪ್ಲಗ್ ಬೋರ್ಡಿನಲ್ಲೇ ಅದಕ್ಕೊಂದು ಜಾಗ ಕೊಟ್ಟ. ಮೂರೂ ಇಪ್ಪತ್ತಕ್ಕೆ ಹಾಲು ಉಕ್ಕಿ ಬೋರ್ಡಿಗೆ ಇಳಿಯಿತು. ಫಟ್ಟೆಂದಿತು. ಕಂಪ್ಯೂಟರು ಬೀಡಿ ಸೇದುವ ಮುದುಕನಂತೆ ಎರಡು ಸಲ ಹೊಗೆ ಬಿಟ್ಟು ಸುಮ್ಮನಾಯಿತು.

ಆರು ವರ್ಷ ಯಾದಗಿರಿಯಿಂದ ದಿನಾ ಬಸ್ಸಿನಲ್ಲಿ ನಿಂತು ಬಂದವನು ಚಂದ್ರಾಮಪ್ಪ. ಈಗ ಊರಿಗೇ ವರ್ಗವಾಗುವ ಕಾಗದ ಮೇಲಧಿಕಾರಿ ಶಿವಾನಿ ಮೇಡಮ್ಮರ ಮೇಜಿನ ಮೇಲಿತ್ತು. ಸಹಿಯೊಂದೇ ಬಾಕಿ.

"ಸಿಡ್ಲು ಬಡೀತು ಅಂದ್ರ ಮುಗೀತು ತಗೋ," ಎಂದ ಜಗದೇವಪ್ಪ, ಕಾಯಿಲನ್ನು ಚೀಲಕ್ಕೆ ತುರುಕುತ್ತ. "ಮ್ಯಾಲ ಮೋಡ ಕವ್ದದ. ಯಾರು ಏರಿ ನೋಡ್ತಾರ?"

ಲಾಲಮ್ಮ ಬೋರ್ಡು ಒರೆಸಿ ಪಾತ್ರೆ ತೊಳೆದಿಟ್ಟಳು.

ಐದಕ್ಕೆ ಶಿವಾನಿ ಮೇಡಂ ಸುರಪುರದ ಮೀಟಿಂಗು ಮುಗಿಸಿ ಬಂದರು. ಚಂದ್ರಾಮಪ್ಪ ಮೂರೂ ಇಪ್ಪತ್ತಕ್ಕೆ ಸಿಡಿಲು ಬಡಿಯಿತೆಂದಷ್ಟೇ ಹೇಳಿ ಬಾಯಿ ಮುಚ್ಚಿದ. ಸಹಾಯ ಮಾಡುವ ಚಟ ಇದ್ದವರು ಮುಚ್ಚಬೇಕಲ್ಲ. ಹತ್ತು ನಿಮಿಷ ಮೊದಲೇ ಗುಡುಗು ಶುರುವಾಗಿತ್ತೆಂದು ಜಗದೇವಪ್ಪ ಸೇರಿಸಿದ. ನೀಲಿ ಬೆಂಕಿ ಕಿಟಕಿಯಿಂದ ಬಂದು ಮೇಜಿಗೊಂದು ಸುತ್ತು ಹಾಕಿದ್ದನ್ನು ಲಾಲಮ್ಮ ಕಂಡಿದ್ದಳು. ಚಹಾದಲ್ಲಿ ಪಾಲೂ ಸಿಗದ ಜವಾನ ಫಕೀರಸಾಬ ಕೂಡ ಹಿಂದೆ ಬೀಳದೆ, ಚಂದ್ರಾಮಪ್ಪನವರು ಕಿಟಕಿಯಲ್ಲಿ ನಿಂತು ಮಿಂಚು ನೋಡುತ್ತಿದ್ದರೆಂದ.

"ನೋಡೇ ಬಿಡೋಣ್ರಿ," ಎಂದು ಮೇಡಂ ಫೋನು ತೆಗೆದರು.

ಅದರಲ್ಲೊಂದು ಭೂಪಟ. ಸಿಡಿಲು ಎಲ್ಲೇ ಬೀಳಲಿ, ರೇಡಿಯೋ ಅಲೆ ಎಬ್ಬಿಸುತ್ತದಂತೆ. ಮಳೆಗಾಲದಲ್ಲಿ ಹಳೇ ರೇಡಿಯೋ ಕರಕರ ಎನ್ನುವುದು ಅದಕ್ಕೇ. ದೇಶದೇಶಗಳ ಜನ ಮಾಳಿಗೆಯ ಮೇಲೆ ಯಂತ್ರ ಇಟ್ಟಿದ್ದಾರೆ. ಆ ಅಲೆ ಯಾವ ಯಂತ್ರಕ್ಕೆ ಮೊದಲು ಮುಟ್ಟಿತು, ಯಾವುದಕ್ಕೆ ಆಮೇಲೆ ಎಂದು ತಾಳೆ ಹಾಕಿದರೆ ಸಿಡಿಲು ಬಿದ್ದ ಜಾಗ ಸಿಗುತ್ತದೆ. ಮೇಡಂ ಹೇಳುತ್ತಾ ಹೋದಂತೆ ಚಂದ್ರಾಮಪ್ಪ ಫೋನಿನತ್ತ ಬಗ್ಗಿ ಚುಕ್ಕೆ ಹುಡುಕಿದ. ಆಫ್ರಿಕಾದ ಕಾಡಿನಲ್ಲಿ ಬಿದ್ದ ಸಿಡಿಲೂ ಅಲ್ಲಿ ಚುಕ್ಕೆಯಾಗಿ ಕೂತಿತ್ತು. ಜಗತ್ತಿನಲ್ಲಿ ಬೀಳದ ಸಿಡಿಲು ಅವನದೊಂದೇ.

ಮೇಡಂ ಭೂಪಟದ ಗಡಿಯಾರವನ್ನು ಮೂರೂ ಇಪ್ಪತ್ತಕ್ಕೆ ಹಿಂದೆ ಸರಿಸಿದರು. ಊರ ಪಕ್ಕದ ಭೀಮರಾಯನಗುಡಿಯ ದಿಕ್ಕಿಗೆ ಒಂದು ಹಳದಿ ಚುಕ್ಕೆ ಮೂಡಿತು.

"ಇದು ನಾಕೈದು ಕಿಲೋಮೀಟರ್ ಹೆಚ್ಚುಕಮ್ಮಿ ತೋರಸ್ತದ. ಅಂದ್ರ ನಮ್ಮ ಕಚೇರಿಗೇ ಬಿದ್ದಿದ್ದು ಬಿಡ್ರಿ. ನೀವು ಹೇಳಿದ್ದು ಖರೇ ಅದ."

ಪಕ್ಕದ ಹಿಟ್ಟಿನ ಗಿರಣಿಯ ಗದ್ದಲದಲ್ಲಿ ಯಾರ ಕಿವಿಗೂ ಬೀಳದೆ ಹೋಗಿದ್ದ ಆ ಸಿಡಿಲಿಗೆ ಚಂದ್ರಾಮಪ್ಪ ಮನಸ್ಸಿನಲ್ಲೇ ಐದು ಕಾಯಿ ಒಡೆಸಿದ.

ಮೇಡಂ ವರ್ಗದ ಕಾಗದ ಎಳೆದುಕೊಂಡು ಪೆನ್ನು ಎತ್ತಿದವರು ತಡೆದರು.

"ಹತ್ತು ನಿಮಿಷ ಮೊದಲೇ ಗುಡುಗಿತ್ತಂದ್ರ ಪ್ಲಗ್ ಯಾಕ ಕೀಳ್ಲಿಲ್ರಿ ನೀವು? ಮಿಂಚು ನೋಡ್ಕೋತ ನಿಂತಿದ್ರಂತ."

ಯಂತ್ರ ಯಾರ ಸುಪರ್ದಿಯಲ್ಲಿದೆಯೋ ಜವಾಬ್ದಾರಿ ಅವರದೇ, ವಿಚಾರಣೆ ಮುಗಿಯುವ ತನಕ ವರ್ಗ ಇಲ್ಲ ಎಂದು ಪೆನ್ನಿನ ಮುಚ್ಚಳ ಹಾಕಿದರು.

ಚಂದ್ರಾಮಪ್ಪ ಲೆಕ್ಕ ಹಾಕಿದ. ಸಿಡಿಲಾದರೆ ತಪ್ಪೆಲ್ಲ ಅವನೊಬ್ಬನದು. ಚಹಾ ಆದರೆ ಮೂವರಿಗೂ ಹಂಚಿಹೋಗಿ ಬೈಗುಳದಲ್ಲೇ ಮುಗಿದೀತು. ಜೀವಮಾನದಲ್ಲಿ ಮೊದಲ ಸಲ ಆ ಕಚೇರಿಯಲ್ಲಿ ಒಂದು ನಿಜ ಹೊರಬಿತ್ತು.

"ಮೇಡಂರಿ, ಇಲ್ಲಿ ಸಿಡ್ಲು ಬಿದ್ದೇ ಇಲ್ರಿ. ನಾವು ಮೂರೂ ಮಂದಿ ಚಹಾ ಕಾಸಾಕ ಹೋಗಿ ಹಾಲು ಉಕ್ಕಿಸೇವ್ರಿ."

ಜಗದೇವಪ್ಪ ಎತ್ತಿಕೊಂಡ ಮಗುವೇ ಕಚ್ಚಿತೇನೋ ಎಂಬಂತೆ ನೋಡಿದ. "ನನಗ ಸಕ್ಕರಿ ಕಾಯಿಲೆ ಅದ್ರಿ ಮೇಡಂ. ಚಹಾ ಬಿಟ್ಟು ವರ್ಷಾತು."

"ನಾ ಕಣ್ಣಾರೆ ನೋಡೀನ್ರಿ," ಎಂದಳು ಲಾಲಮ್ಮ. "ನೀಲಿ ಬೆಂಕಿ."

ಮೇಡಂ ಫೋನನ್ನು ಅವನ ಮೂಗಿನ ಹತ್ತಿರ ಹಿಡಿದರು. "ಚಂದ್ರಾಮಪ್ಪನವರ, ಸುಳ್ಳಿಗೂ ಒಂದು ಮಿತಿ ಬೇಕ್ರಿ. ಪರದೇಶದ ಮಾಳಿಗಿ ಮ್ಯಾಲಿನ ಯಂತ್ರಕ್ಕ ಕೇಳಿದ್ದು ನಿಮಗ ಕೇಳ್ಲಿಲ್ಲೇನು?"

ಅಂದೇ ಅವನಿಗೆ ಎರಡು ನೋಟಿಸು ತಯಾರಾದವು. ಪ್ಲಗ್ಗು ಕೀಳದ್ದಕ್ಕೆ ಒಂದು, ಬಿದ್ದ ಸಿಡಿಲನ್ನು ಬಿದ್ದೇ ಇಲ್ಲವೆಂದು ಮೇಲಧಿಕಾರಿಗೆ ಸುಳ್ಳು ಹೇಳಿದ್ದಕ್ಕೆ ಇನ್ನೊಂದು. ಕಂಪ್ಯೂಟರು ಸತ್ತಿತ್ತಾದ್ದರಿಂದ ಎರಡನ್ನೂ ಅವನೇ ತನ್ನ ದುಂಡು ಅಕ್ಷರದಲ್ಲಿ ಬರೆದುಕೊಡಬೇಕಾಯಿತು.