ಮಾತೃಸಂಸ್ಥೆಯಿಲ್ಲದ ಅತಿಥಿಯಿಂದ ಕೇಂದ್ರ ಬ್ಯಾಂಕಿಗೆ

ಕೇಂದ್ರ ಬ್ಯಾಂಕಿನ ಅತಿಥಿ ಸಂಶೋಧಕರ ಆಯ್ಕೆ ಸಮಿತಿಯ ಮಾನ್ಯರೇ,

ಕೊಳ್ಳೇಗಾಲದ ಮಗ್ಗದ ಬೀದಿಯಿಂದ ಹೇಮಂತ್ ಎಂಬ ನಾನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ತಾವು ತಂಪಾದ ಕೊಠಡಿಯಲ್ಲಿ ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ನಾನೂ ನನ್ನ ಅರ್ಥಶಾಸ್ತ್ರದ ಡಾಕ್ಟರೇಟೂ ಹೇಗೋ ಇದ್ದೇವೆ.

ಹನ್ನೊಂದು ವರ್ಷದಿಂದ ನಾನು ಅತಿಥಿ ಉಪನ್ಯಾಸಕ. ವಾರದಲ್ಲಿ ಮೂರು ದಿನ ಹನೂರಿನ ಕಾಲೇಜಿಗೆ ಅತಿಥಿ, ಮೂರು ದಿನ ಯಳಂದೂರಿನದಕ್ಕೆ. ವರ್ಷವರ್ಷವೂ ಹೊಸ ಅರ್ಜಿ ಹಾಕಿ ಹಳೆಯ ಕುರ್ಚಿಯಲ್ಲೇ ಕೂರುವುದರಲ್ಲಿ ನನ್ನಷ್ಟು ನುರಿತವರು ಜಿಲ್ಲೆಯಲ್ಲಿಲ್ಲ. ಹೀಗೆ ಪಳಗಿದ ಅತಿಥಿಯನ್ನು ತಾವು ಕಣ್ಣುಮುಚ್ಚಿ ಆರಿಸುವಿರೆಂದುಕೊಂಡದ್ದು ನನ್ನ ದಡ್ಡತನ. ಆರು ತಿಂಗಳ ಮಟ್ಟಿಗಾದರೂ ಒಂದು ಮೇಜು, ಅದರ ಮೇಲೆ ನನ್ನ ಹೆಸರು. ನಾನು ಆಸೆಪಟ್ಟದ್ದು ಇಷ್ಟಕ್ಕೇ.

ರೇಷ್ಮೆ ನೂಲಿನ ಬೆಲೆ ಏರುವುದನ್ನು ನೇಕಾರರು ತಮ್ಮ ಬ್ಯಾಂಕಿನ ತಜ್ಞರಿಗಿಂತ ಮೊದಲೇ ಹೇಗೆ ಊಹಿಸುತ್ತಾರೆ ಎಂಬುದು ನನ್ನ ವಿಷಯ. ಆಯ್ಕೆಗೆ ಮುಂಚೆಯೇ ಬೀದಿಗೆಲ್ಲ ಸುದ್ದಿ ಹಂಚಿದವನೂ ನಾನೇ. ಅತಿಥಿ ಸಂಶೋಧಕ, ಇಂಗ್ಲಿಷಿನಲ್ಲಿ 'ವಿಸಿಟಿಂಗ್ ಫೆಲೋ', ಆಗುತ್ತೇನೆಂದು ಅಪ್ಪನಿಗೆ ಹೇಳಿದಾಗ ಅವರು ಮಗ್ಗ ನಿಲ್ಲಿಸದೆಯೇ, "ಫೆಲೋ ಅಂತ ಬೈಯೋರ ತಾವ್ಕೆ ಯಾಕ್ಲಾ ಓಯ್ತೀಯಾ?" ಎಂದರು. ಹಿರಿಯರ ಮಾತು ಕೇಳಬೇಕಿತ್ತು.

ತಮ್ಮ ಅರ್ಜಿಯಲ್ಲಿ 'ಮಾತೃಸಂಸ್ಥೆ' ಎಂಬ ಖಾನೆಯಿತ್ತು. ಎಂದರೆ ನನ್ನನ್ನು ಖಾಯಮ್ಮಾಗಿ ಇಟ್ಟುಕೊಂಡಿರುವ ಸಂಸ್ಥೆ. ಹನೂರಿನವರು ಯಳಂದೂರೆಂದು ಬರೆಯಿರಿ ಎಂದರು, ಯಳಂದೂರಿನವರು ಹನೂರೆಂದು ಬರೆಯಿರಿ ಎಂದರು. ಕಡೆಗೆ, ಮೂವತ್ತೊಂಬತ್ತು ವರ್ಷದಿಂದ ಒಂದು ದಿನವೂ ಬಿಡದೆ ನನ್ನನ್ನು ಇಟ್ಟುಕೊಂಡಿರುವವರ ಹೆಸರನ್ನೇ ಬರೆದೆ: ಶ್ರೀಮತಿ ವಿಜಯಮ್ಮ, ಕೈಮಗ್ಗ, ಕೊಳ್ಳೇಗಾಲ. 'ತಮ್ಮ ಮಾತೃಸಂಸ್ಥೆಯ ಅಸ್ತಿತ್ವ ದೃಢಪಟ್ಟಿಲ್ಲ' ಎಂಬ ತಮ್ಮ ಉತ್ತರವನ್ನು ಅಮ್ಮನಿಗೆ ಓದಿ ಹೇಳಿದೆ. "ನಾನಿವ್ನಿ ಅಂತ ಯೋಳ್ಲಾ ಅವ್ರ್ಗೆ" ಎಂದರು. ಆದ್ದರಿಂದ ತಿಳಿಸುತ್ತಿದ್ದೇನೆ: ಇದ್ದಾರೆ.

ತಮ್ಮಲ್ಲಿ ಅತಿಥಿಯಾಗಲು ಬೇರೆಡೆ ಖಾಯಂ ಆಗಿರಬೇಕೆಂಬ ನಿಯಮದ ದೂರದೃಷ್ಟಿಗೆ ತಲೆಬಾಗುತ್ತೇನೆ. ಹಸಿದವನನ್ನು ಊಟಕ್ಕೆ ಕರೆದರೆ ಅವನು ನಿಜವಾಗಿಯೂ ತಿಂದುಬಿಟ್ಟಾನು! ದಯಮಾಡಿ ತಜ್ಞರ ತಂಡವೊಂದನ್ನು ಕಳಿಸಿ, ಅಮ್ಮನನ್ನು ಪರಿಶೀಲಿಸಿ ಮಾನ್ಯತಾಪತ್ರ ನೀಡಬೇಕು. ಆಗದಿದ್ದರೆ ನನ್ನನ್ನು ಬೆಳಿಗ್ಗೆ ತಾವೇ ಖಾಯಂ ಮಾಡಿಕೊಂಡು ಸಂಜೆ ಅತಿಥಿಯಾಗಿ ಆಹ್ವಾನಿಸಬೇಕು.

ಇನ್ನೊಂದು ಮಾತು. ಹನೂರಿನ ಪ್ರಾಂಶುಪಾಲರಾದ ಗುರುಪಾದಸ್ವಾಮಿಯವರು, 'ಇವರು ನಮ್ಮ ಅತಿಥಿಗಳು, ಹೋದರೆ ನಮ್ಮದೇನೂ ಅಭ್ಯಂತರವಿಲ್ಲ' ಎಂದು ಬಲು ಸಂತೋಷದಿಂದ ಪತ್ರ ಕೊಟ್ಟಿದ್ದರು. ಯಳಂದೂರಿನವರೂ ಅದನ್ನೇ ನಕಲು ಮಾಡಿ ಕೊಟ್ಟರು. ತಾವು ಬರಬೇಡ ಎನ್ನುವಷ್ಟರಲ್ಲಿ ಇಬ್ಬರೂ ನಾನು ಹೋದೆನೆಂದೇ ತಿಳಿದು ನನ್ನ ತರಗತಿಗಳನ್ನು ಬೇರೆಯವರಿಗೆ ಕೊಟ್ಟಾಗಿತ್ತು. ಹೊಟ್ಟೆ ಉರಿಯುತ್ತಿದೆ ಮಾನ್ಯರೇ, ಸುಳ್ಳೇಕೆ ಹೇಳಲಿ.

ತಮ್ಮ ವಿಶ್ವಾಸಿ, ಸದ್ಯಕ್ಕೆ ಯಾರ ಅತಿಥಿಯೂ ಅಲ್ಲದ
ಹೇಮಂತ್

ಮರೆತ ಮಾತು: ಹನೂರಿನಲ್ಲಿ ನನ್ನ ಜಾಗಕ್ಕೆ ಬಂದಿರುವವಳು ನನ್ನ ಹಳೆಯ ವಿದ್ಯಾರ್ಥಿನಿ ಮೇಘನಾ, ಪಾಠಕ್ಕೆ ನನ್ನ ನೋಟ್ಸನ್ನೇ ಬಳಸುತ್ತಾಳೆ. ಮುಳುಗುವ ಬ್ಯಾಂಕನ್ನು ಎಲ್ಲರೂ ಕೈಬಿಟ್ಟಾಗ ಕೇಂದ್ರ ಬ್ಯಾಂಕೇ ಕೊನೆಯ ಆಸರೆ ಎಂದು ಆ ನೋಟ್ಸಿನಲ್ಲಿ ಬರೆದವನು ನಾನೇ. ಆ ಸಾಲನ್ನು ಹೊಡೆದುಹಾಕಮ್ಮ ಎಂದು ನಿನ್ನೆ ಬೇಡಿಕೊಂಡೆ. "ಎಕ್ಸಾಮಿಗೆ ಬತ್ತದೆ ಸಾ, ಇರ್ಲಿ ಬುಡಿ" ಎಂದಳು.