ಮರಗಸಿಯಲ್ಲಿ ಕಡಿದುಹೋದ ಮಾತು

ಮಕ್ಕಳಿಗೆ ಒಳ್ಳೆಯ ಮಾತು ಕಲಿಸುವುದೇ ನನ್ನ ಉದ್ಯೋಗ. ಮೂಡಿಗೆರೆಯ ಶಾಲೆಯೊಂದರಲ್ಲಿ ಕನ್ನಡ ಮೇಷ್ಟ್ರು ನಾನು. ಅಂಥವನು ಪಕ್ಕದ ತೋಟದ ಪುಟ್ಟೇಗೌಡರ ಜೊತೆ ಎಂಟು ತಿಂಗಳು ಮಾತು ಬಿಟ್ಟಿದ್ದೆ ಎಂದು ಒಪ್ಪಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ. ಕಾರಣ ಒಂದು ಆಂಟೆನಾ. ನಮ್ಮ ಮನೆ ಇರುವುದು ತಗ್ಗಿನಲ್ಲಿ. ಬೇಲಿಯಾಚೆ ಗೌಡರ ಹಲಸಿನ ಮರದ ತುದಿಗೆ ಆಂಟೆನಾ ಕಟ್ಟಿದರೆ ಮಾತ್ರ ಟೀವಿಯಲ್ಲಿ ಮನುಷ್ಯರು ಮನುಷ್ಯರಂತೆ ಕಾಣುತ್ತಿದ್ದರು. ಕಾಫಿ ಗಿಡಕ್ಕೆ ಬೆಳಕು ಬೀಳಲೆಂದು ನೆರಳಿನ ಮರಗಳ ಕೊಂಬೆ ಕಡಿಸುವುದಕ್ಕೆ ನಮ್ಮಲ್ಲಿ ಮರಗಸಿ ಎನ್ನುತ್ತಾರೆ. ಆ ವರ್ಷ ಮೇ ತಿಂಗಳ ಮರಗಸಿಯಲ್ಲಿ ಕೊಂಬೆಯ ಜೊತೆ ನಮ್ಮ ಆಂಟೆನಾವೂ ನೆಲಕ್ಕೆ ಬಿತ್ತು.

"ಒಂದು ಮಾತು ಹೇಳ್ಬಾರ್ದಿತ್ತಾ ಗೌಡ್ರೇ?" ಎಂದೆ.

"ನನ್ನ ಮರ ಕಡಿಯಕ್ಕೆ ನಿಮ್ಮನ್ನ ಕೇಳ್ಬೇಕಾ ಮೇಷ್ಟ್ರೇ?" ಎಂದರು.

ಅಲ್ಲಿಗೆ ಮುಗಿಯಿತು. ಸಂಜೆ ಬೇಲಿಯ ಹತ್ತಿರ ನಿಂತು ಅರ್ಧ ಗಂಟೆ ಹರಟುತ್ತಿದ್ದ ನಾವು ಎದುರಾದರೆ ಆಕಾಶ ನೋಡತೊಡಗಿದೆವು. ಆ ಅರ್ಧ ಗಂಟೆಯನ್ನು ಏನು ಮಾಡುವುದೆಂದು ತಿಳಿಯದೆ ನಾನು ಒದ್ದಾಡಿದೆ. ಆದರೆ ಮೊದಲು ಮಾತಾಡಬೇಕಾದವರು ಅವರಲ್ಲವೇ?

ಆಂಟೆನಾವನ್ನು ನಮ್ಮ ಹೆಂಚಿನ ಮೇಲೇ ನಿಲ್ಲಿಸಿದೆ. ಡಿಸೆಂಬರ್ ಬಂದಾಗ ಮಕ್ಕಳ ಕಾರ್ಯಕ್ರಮವೊಂದು ಶುರುವಾಯಿತು. ಬೆನ್ನಿಗೆ ಕೆಂಪು ಬಟ್ಟೆ ಕಟ್ಟಿಕೊಂಡು ಹಾರುವ ಒಬ್ಬ ವೀರ ವಾರಕ್ಕೊಂದು ದೇಶದ ಚಳಿಗಾಲದ ಹಬ್ಬಕ್ಕೆ ಹೋಗುತ್ತಿದ್ದ. ಒಂದು ಕಡೆ ಸಾಲು ಮೇಣದಬತ್ತಿ, ಇನ್ನೊಂದು ಕಡೆ ಆಟಿಕೆ ಹಂಚುವ ಅಜ್ಜ. ಎಲ್ಲ ಕಡೆಯೂ ಹಿಮ. ಅದರಲ್ಲಿ ಎಷ್ಟು ಆ ದೇಶದ್ದು, ಎಷ್ಟು ನಮ್ಮ ಆಂಟೆನಾದ್ದು ಎಂದು ಹೇಳುವಂತಿರಲಿಲ್ಲ. ಎಂಟು ವರ್ಷದ ಮಗಳು ಸಿಂಧು ಮಾತ್ರ ಕಣ್ಣು ಕಿರಿದು ಮಾಡಿಕೊಂಡು ಬಿಡದೆ ನೋಡುತ್ತಿದ್ದಳು.

"ಅಪ್ಪ, ನಮ್ಮ ಚಳಿಗಾಲದ ಹಬ್ಬ ಯಾವುದು?"

"ಸಂಕ್ರಾಂತಿ. ಊರಿಗೆಲ್ಲ ಎಳ್ಳು ಬೀರೋದು."

"ಟೀವೀಲಿ ಪ್ರತಿ ಹಬ್ಬಕ್ಕೂ ಯಾರಾದ್ರೂ ಅಡ್ಡ ಬರ್ತಾರೆ. ನಮ್ಮ ಹಬ್ಬಕ್ಕೆ ಯಾರು ಅಡ್ಡ ಬರೋದು?"

ನನ್ನ ಹೆಂಡತಿ ಶಾರದೆ ಕೊಬ್ಬರಿ ಹೆಚ್ಚುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದಳು. ನಾನು ಪೇಪರ್ ಎತ್ತಿಕೊಂಡೆ. ವಾರದ ಹಿಂದಿನ ಪೇಪರ್ ಅದು.

ಸಂಕ್ರಾಂತಿಯ ಸಂಜೆ ಸಿಂಧು ರೇಷ್ಮೆ ಲಂಗದ ಮೇಲೆ ಅವಳಮ್ಮನ ಕೆಂಪು ಟವೆಲನ್ನು ಬೆನ್ನಿಗೆ ಕಟ್ಟಿಕೊಂಡು ಹೊರಟಳು. ಜೊತೆಗೆ ನಾನು. ತಟ್ಟೆಯಲ್ಲಿ ಎಳ್ಳುಬೆಲ್ಲ, ಸಕ್ಕರೆ ಅಚ್ಚು, ಕಬ್ಬಿನ ತುಂಡು. ನಾಲ್ಕು ಮನೆ ಮುಗಿದ ಮೇಲೆ ನೇರ ಗೌಡರ ಗೇಟಿಗೆ ನಡೆದಳು. "ಆ ಮನೆ ಬೇಡ ಕಣೇ" ಎಂದೆ. "ಎಳ್ಳು ಬೀರೋದು ಅಂದ್ರೆ ಎಲ್ಲರಿಗೂ ಅಂತ ನೀನೇ ಹೇಳ್ದೆ" ಎಂದು ಒಳಗೆ ಹೋದಳು. ಮಗುವನ್ನು ಒಂಟಿಯಾಗಿ ಬಿಡುವುದು ಹೇಗೆ ಎಂಬ ನೆಪ ಹುಡುಕಿಕೊಂಡು ನಾನೂ ಹಿಂದೆ ಹೋದೆ.

ಗೌಡರು ಕಣದಲ್ಲಿ ಒಣಹಾಕಿದ್ದ ಕಾಫಿ ರಾಶಿ ಮಾಡಿಸುತ್ತಿದ್ದರು. ಅಂಗೈ ಒರೆಸಿಕೊಂಡು ಎಳ್ಳು ತೆಗೆದುಕೊಂಡರು. ಎಳ್ಳು ಕೊಟ್ಟ ಮೇಲೆ ಒಳ್ಳೆಯ ಮಾತಾಡಬೇಕು. ಸಿಂಧು ನನ್ನನ್ನೇ ನೋಡುತ್ತಿದ್ದಳು. ಕುಯ್ಲು ಎಲ್ಲಿಗೆ ಬಂತು ಎಂದು ಕೇಳೋಣವೆಂದುಕೊಂಡೆ. ಗಾಬರಿಯಲ್ಲಿ ಬಾಯಿಂದ ಬಂದದ್ದು, "ಈ ಸಲ ಮರಗಸಿ ಯಾವಾಗ ಗೌಡ್ರೇ?"

ಗೌಡರ ಬಾಯಲ್ಲಿದ್ದ ಎಳ್ಳು ಅಲ್ಲೇ ನಿಂತಿತು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

"ನಿಮ್ಮನ್ನ ಕೇಳ್ದೆ ಇನ್ನು ಒಂದು ರೆಂಬೇನೂ ಮುಟ್ಟಲ್ಲ ಮಾರಾಯ್ರೇ," ಎಂದು ಗೌಡರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಂತ ಮೇಲೆ ತಗ್ಗಿದ ದನಿಯಲ್ಲಿ, "ಸಂಜೆ ಹೊತ್ತು ಹೋಗೋದೇ ಕಷ್ಟ ಆಗಿತ್ತು, ಮೇಷ್ಟ್ರೇ" ಎಂದರು. ನಾನು ಮುಖ ತಿರುಗಿಸಿ ಕೆಮ್ಮಿದೆ. ಕಬ್ಬಿನ ಸಿಪ್ಪೆ ಎಂದು ಸುಳ್ಳು ಹೇಳಿದೆ.

ಅಂದಿನಿಂದ ಬೇಲಿಯ ಹತ್ತಿರದ ಅರ್ಧ ಗಂಟೆ ಮುಕ್ಕಾಲು ಗಂಟೆಯಾಗಿದೆ. ಆದರೆ ಅವತ್ತು ಮೊದಲು ರಾಜಿಗೆ ಬಂದವರು ಯಾರು ಎಂಬ ಬಗ್ಗೆ ನನಗೂ ಗೌಡರಿಗೂ ಸಣ್ಣ ಭಿನ್ನಾಭಿಪ್ರಾಯವಿದೆ. ಈ ವಿಷಯದಲ್ಲಿ ನಾನಂತೂ ಬಿಟ್ಟುಕೊಡುವವನಲ್ಲ.