ನಾನು ಉಪ್ಪು ಬಿಟ್ಟ ಮೂರು ತಿಂಗಳು

ಉಪ್ಪು ಬಿಡುವುದು ನನಗೊಂದು ಲೆಕ್ಕವೇ ಅಲ್ಲ ಎಂದು ಜರ್ಮನಿಯ ಕಲೋನ್ ನಗರದ ನಮ್ಮ ಡಾಕ್ಟರಮ್ಮನ ಎದುರು ಘೋಷಿಸಿದ್ದೆ. ಬಿಪಿ ಏರಿತ್ತು. ಅವರು ಮೂರು ತಿಂಗಳ ಗಡುವು ಕೊಟ್ಟಿದ್ದರು: ಉಪ್ಪು ಕಡಿಮೆ ಮಾಡಿ, ದಿನಾ ನಡೆಯಿರಿ, ತಿಂದದ್ದನ್ನೆಲ್ಲ ಬರೆದಿಡಿ. ಇಳಿಯದಿದ್ದರೆ ಮಾತ್ರೆ. ನಲವತ್ತೆರಡಕ್ಕೇ ಮಾತ್ರೆ ಹಿಡಿಯಲು ನನ್ನ ಜಂಬ ಒಪ್ಪಲಿಲ್ಲ. ಅಪ್ಪ ಇದೇ ಬಿಪಿಯನ್ನು ಅಸಡ್ಡೆ ಮಾಡಿ ಹಾಸಿಗೆ ಹಿಡಿದದ್ದು ನೆನಪಾಗಿ ಒಳಗೊಳಗೇ ಹೆದರಿಕೆಯೂ ಇತ್ತು.

ಮನೆಗೆ ಬಂದವನೇ ಉಪ್ಪಿನ ಡಬ್ಬಿಯನ್ನು ನಾಲ್ಕು ಮಹಡಿ ಕೆಳಗೆ, ನೆಲಮಾಳಿಗೆಯಲ್ಲಿರುವ ನಮ್ಮ ಸಾಮಾನಿನ ಕೋಣೆ ಕೆಲ್ಲರ್‌ನಲ್ಲಿಟ್ಟು ಬೀಗ ಜಡಿದೆ.

"ಸಪ್ಪೆ ಸಾರು ಹೇಗ್ರೀ ತಿಂತೀರಾ? ಅರ್ಧ ಚಮಚ ಹಾಕ್ಲಾ?" ಎಂದಳು ಹೆಂಡತಿ ಶುಭಾ.

"ಸಂಕಲ್ಪ ಕಣೇ ಇದು."

ಸಂಕಲ್ಪ ಮೊದಲ ತುತ್ತಿಗೇ ಗಂಟಲಲ್ಲಿ ಸಿಕ್ಕಿಕೊಂಡಿತು. ಅತ್ತೆ ಕಟ್ಟಿಕೊಟ್ಟಿದ್ದ ಮಾವಿನ ಮಿಡಿ ಉಪ್ಪಿನಕಾಯಿಯ ಜಾಡಿ ತೆರೆದೆ. ಮೊದಲ ದಿನ ಒಂದು ಮಿಡಿ. ಮರುದಿನ ಮೂರು. ಜೊತೆಗೆ ಹಪ್ಪಳ, ಮಜ್ಜಿಗೆ ಮೆಣಸಿನಕಾಯಿ. ಉಪ್ಪನ್ನು ಮಾತ್ರ ಒಂದು ಚಿಟಿಕೆಯೂ ಮುಟ್ಟಲಿಲ್ಲ!

"ರೀ, ಅದ್ರಲ್ಲಿ ಏನಿದೆ ಅಂದ್ಕೊಂಡಿದೀರಾ?"

"ಅದು ನಂಚಿಕೊಳ್ಳೋದು. ಅಡುಗೆ ಲೆಕ್ಕಕ್ಕೆ ಬರಲ್ಲ."

ಬರೆಯುವುದರಲ್ಲಿ ಮಾತ್ರ ನಾನು ಬಲು ಶಿಸ್ತಿನವನು. ಮಿಡಿಯನ್ನು ಜರ್ಮನ್ನಿನಲ್ಲಿ 'ಹಣ್ಣು' ಎಂದು ಬರೆದೆ. ಹಪ್ಪಳ 'ಬೇಳೆ'. ಮೆಣಸಿನಕಾಯಿ 'ತರಕಾರಿ'.

ಮೂರು ತಿಂಗಳ ಮೇಲೆ ಡಾಕ್ಟರಮ್ಮ ನನ್ನ ಪುಸ್ತಕ ಓದಿ, ಇಂಥ ಆಹಾರ ತಾವೂ ತಿನ್ನುವುದಿಲ್ಲ ಎಂದು ಮೆಚ್ಚಿದರು. ಆಮೇಲೆ ತೋಳಿಗೆ ಪಟ್ಟಿ ಕಟ್ಟಿದರು. ಬಿಪಿ ಮೊದಲಿಗಿಂತ ಹೆಚ್ಚು. ಯಂತ್ರ ಬದಲಿಸಿದರು. ಇನ್ನೂ ಸ್ವಲ್ಪ ಹೆಚ್ಚು.

"ದಿನಾ ತಿನ್ನುವ ಈ ಹಣ್ಣು ಯಾವುದು?" ಎಂದು ಕೇಳಿದರು.

ಗೆದ್ದೇ ಗೆಲ್ಲುವೆನೆಂಬ ಧೈರ್ಯದಲ್ಲಿ ಅವರಿಗೆ ಉಡುಗೊರೆಯಾಗಿ ಒಂದು ಬಾಟಲಿ ಮಿಡಿ ಒಯ್ದಿದ್ದೆ. ಹೆಮ್ಮೆಯಿಂದ ಚೀಲದಿಂದ ತೆಗೆದುಕೊಟ್ಟೆ. ಡಾಕ್ಟರಮ್ಮ ಒಂದು ಮಿಡಿಯ ತುದಿ ಕಚ್ಚಿದರು. ಮುಖ ಕೆಂಪಾಯಿತು. ಎರಡು ಲೋಟ ನೀರು ಕುಡಿದರು. ನಂತರ ಪೆನ್ನು ತೆಗೆದು, ನನ್ನ ಪುಸ್ತಕದಲ್ಲಿ 'ಹಣ್ಣು' ಎಂದಿದ್ದಲ್ಲೆಲ್ಲ ಹೊಡೆದು 'ಉಪ್ಪು' ಎಂದು ತಿದ್ದತೊಡಗಿದರು. ನಾಲ್ಕನೇ ಪುಟದಲ್ಲಿ ಸುಸ್ತಾಗಿ ನಿಲ್ಲಿಸಿ, ಮಾತ್ರೆ ಬರೆದರು.

ಮನೆಯಲ್ಲಿ ಶುಭಾ ಬೈಯಲಿಲ್ಲ. ಉಪ್ಪಿನ ಡಬ್ಬಿ ಮೇಲೆ ತಂದಳು, ಸಾರಿಗೆ ಅರ್ಧ ಚಮಚ ಹಾಕಿದಳು, ಜಾಡಿಯನ್ನು ಕೆಲ್ಲರ್‌ಗೆ ಸಾಗಿಸಿ ಬೀಗದ ಕೈ ತನ್ನ ಹತ್ತಿರ ಇಟ್ಟುಕೊಂಡಳು. ಈಗ ಬಿಪಿ ಇಳಿದಿದೆ. ಹೀಗೇ ಇದ್ದರೆ ಮಾತ್ರೆ ಅರ್ಧ ಮಾಡೋಣ ಎಂದಿದ್ದಾರೆ ಡಾಕ್ಟರಮ್ಮ. ನನ್ನ ಹೊಸ ವ್ಯಾಯಾಮ ಅವರಿಗೆ ತುಂಬ ಹಿಡಿಸಿದೆಯಂತೆ. ದಿನಕ್ಕೆ ಮೂರು ಸಲ ನಾಲ್ಕು ಮಹಡಿ ಇಳಿದು ಹತ್ತುತ್ತೇನೆಂದು ಬರೆದಿದ್ದೇನೆ, ಅದು ನಿಜವೇ. ಕೆಳಗೆ ಹೋಗಿ ಬೀಗ ಜಗ್ಗಿ ನೋಡುವುದನ್ನು ಬರೆದಿಲ್ಲ.